ಎದೆ ಎತ್ತರಕ್ಕೆ ಬಾರದ ಮರಗಳು

ಗಜೇಂದ್ರಗಡ
21 ಏಪ್ರಿಲ್ 2025

ರಾಜೇಶ್ವರಿ,

ಹ್ಯಾಂಗಿದ್ದೀ ಅಂತ ಕೇಳುವುದಿಲ್ಲ. ಕೇಳಿದರೆ ಚಲೋ ಇದ್ದೀನಿ ಅಂತ ಬರೆಯುತ್ತೀ, ನನಗೆ ಇನ್ನಷ್ಟು ಸಿಟ್ಟು ಬರುತ್ತದೆ.

ನಿನ್ನ ನಂಬರು ನನ್ನ ಫೋನಿನಲ್ಲಿ ಎರಡು ವರ್ಷದಿಂದ ಬ್ಲಾಕ್ ಆಗಿದೆ. ಅದನ್ನು ತೆಗೆಯುವ ಮನಸ್ಸು ಈಗಲೂ ಇಲ್ಲ. ಅಲ್ಲದೆ ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀ. ಕಾಗದವಾದರೆ ನಾನು ಮುಗಿಸುವ ತನಕ ಬಾಯಿ ಮುಚ್ಚಿಕೊಂಡು ಓದಬೇಕು. ಮನೆ ವಿಳಾಸ ಗೊತ್ತಿಲ್ಲ, ಅದಕ್ಕೆ ಹುಬ್ಬಳ್ಳಿಯ ನಿಮ್ಮ ಖಾಸಗಿ ಸರ್ವೆ ಆಫೀಸಿಗೇ ಹಾಕಿದ್ದೇನೆ.

ಇಲ್ಲಿ ತಹಶೀಲ್ದಾರ ಕಚೇರಿಯ ಗೋಡೆಗೆ ಒಂದು ನೋಟಿಸು ಅಂಟಿಸಿದ್ದಾರೆ. ನಮ್ಮ ಓಣಿಯ ಹಿಂದಿನ ಗುಡ್ಡ ಗೊತ್ತಲ್ಲ, ಅದರ ದಕ್ಷಿಣದ ಇಳಿಜಾರನ್ನು ಕಲ್ಲು ಗಣಿಗೆ ಕೊಡುತ್ತಾರಂತೆ. ಕಲ್ಲು ಒಡೆದು ಖಡಿ ಮಾಡುವ ಮಷಿನ್ನೂ ಅಲ್ಲೇ ಕೂಡುತ್ತದಂತೆ. ತಕರಾರು ಇದ್ದವರು ಸೆಪ್ಟೆಂಬರಿನ ವಿಚಾರಣೆಗೆ ಬಂದು ಹೇಳಬೇಕಂತೆ. ನೋಟಿಸಿನ ಜೊತೆಗೆ ಒಂದು ವರದಿ ಇದೆ. "ಸದರಿ ಪ್ರದೇಶವು ಬೋಳು ಗುಡ್ಡವಾಗಿದ್ದು, ಮರಗಳು ಕಂಡುಬಂದಿರುವುದಿಲ್ಲ. ಅಲ್ಲಲ್ಲಿ ಮುಳ್ಳುಕಂಟಿ ಮಾತ್ರ ಇರುತ್ತದೆ." ಕೆಳಗೆ ನಿನ್ನ ಸಹಿ. ಹಾಸ್ಟೆಲಿನಲ್ಲಿ ನನ್ನ ಹಾಜರಿ ಹಾಕುವಾಗಲೂ ನಿನ್ನ ಅಕ್ಷರ ಹೀಗೇ ಬಾಲ ಎಳೆಯುತ್ತಿತ್ತು, ಗುರುತು ಸಿಗದೆ ಏನು?

ಹೋಳಿ ಹುಣ್ಣಿಮೆಯ ಮುಂದೆ ಬಂದಿದ್ದೆಯಂತೆ. ಎದುರು ಮನೆಯ ಬಾಳವ್ವ ನೋಡಿದ್ದಾಳೆ. "ಟೇಪ ಹಿಡಕೊಂಡು ಒಬ್ಬಾಕಿ ಗುಡ್ಡಾ ಹತ್ತಿ ಇಳದ್ಲ ನೋಡವಾ. ಬಗ್ಗಿ ಒಂದ ಗಿಡಾನೂ ನೋಡ್ಲಿಲ್ಲ" ಅಂದಳು. ಹೋಳಿಯ ಹೊತ್ತಿಗೆ ಈ ಗುಡ್ಡ ಹ್ಯಾಗಿರುತ್ತದೆ ಅಂತ ಸಸ್ಯಶಾಸ್ತ್ರದಲ್ಲಿ ಎಮ್ಮೆಸ್ಸಿ ಮಾಡಿದವಳಿಗೆ ನಾನು ಹೇಳಬೇಕೇ? ಹೂ ಹೊತ್ತ ಮುತ್ತಲ ಬಿಟ್ಟರೆ ಒಂದು ಗಿಡಕ್ಕೂ ಮೈಮೇಲೆ ಅರಿವೆ ಇರುವುದಿಲ್ಲ. ಮಲಗಿದವರನ್ನು ನೋಡಿ ಸತ್ತಿದ್ದಾರೆ ಅಂತ ಬರೆದು ಹೋಗಿದ್ದೀ.

ಆ ಇಳಿಜಾರು ನನ್ನನ್ನು ಓದಿಸಿದೆ. ಅಬ್ಬಾ ತೀರಿದ ಮೇಲೆ ಅಮ್ಮಿ ಅಲ್ಲಿಯ ಕವಳಿ, ಬಾರಿಹಣ್ಣು, ಸೀತಾಫಲ ಬುಟ್ಟಿ ತುಂಬಿ ರೋಣದ ಸಂತೆಗೆ, ನರಗುಂದದ ಬಸ್ ಸ್ಟ್ಯಾಂಡಿಗೆ ಹೊತ್ತು ಮಾರಿದ್ದಾಳೆ. ಈಗಲೂ ಮಾರುತ್ತಾಳೆ. ನಾನು ತಂದ ಕವಳಿ ಹಣ್ಣಿಗೆ ಉಪ್ಪು ಹಚ್ಚಿಕೊಂಡು ತಿಂದವಳು ನೀನು. ಇಬ್ಬರೂ ಕೂಡಿ ಇದೇ ಗುಡ್ಡದ ಗಿಡಮರಗಳ ಮೇಲೆ ಪಿಎಚ್‌ಡಿ ಮಾಡೋಣ ಅಂದವಳೂ ನೀನೇ. ನೌಕರಿ ಬಂತು, ಬಿಟ್ಟು ಹೋದೆ. ಅದನ್ನು ಹೇಗೋ ನುಂಗಿಕೊಂಡೆ. ಇದನ್ನು ನುಂಗುವುದಿಲ್ಲ.

ವರದಿ ಹಿಂದಕ್ಕೆ ತಗೋ. ತಗೊಳ್ಳದಿದ್ದರೆ ವಿಚಾರಣೆಯ ದಿನ ಊರೆದುರು ನಿನ್ನ ಹೆಸರು ಹಿಡಿದು ಸುಳ್ಳಿ ಅನ್ನುತ್ತೇನೆ.

ಈಗ ನಿನಗೆ ಯಾರೂ ಅಲ್ಲದ
ಶಬಾನಾ


ಹುಬ್ಬಳ್ಳಿ
4 ಮೇ 2025

ಶಬ್ಬು,

ಎರಡು ವರ್ಷದ ಮೇಲೆ ನಿನ್ನ ಅಕ್ಷರ ನೋಡಿ ಮೊದಲು ಸಂತೋಷವಾಯಿತು. ಎರಡನೇ ಸಾಲಿಗೆ ಅದು ಮುಗಿಯಿತು. ದಯವಿಟ್ಟು ಆಫೀಸಿಗೆ ಬರೆಯಬೇಡ, ಇಲ್ಲಿ ಪಾಕೀಟು ನನಗಿಂತ ಮೊದಲು ಬೇರೆಯವರು ಒಡೆಯುತ್ತಾರೆ. ಮನೆ ವಿಳಾಸ ಹಿಂದೆ ಬರೆದಿದ್ದೇನೆ.

ನಾನು ಸುಳ್ಳು ಬರೆದಿಲ್ಲ. ಮರ ಅಂದರೆ ಏನು ಅಂತ ತೀರ್ಮಾನ ಮಾಡಿದವಳು ನಾನಲ್ಲ. ಎದೆ ಎತ್ತರದಲ್ಲಿ ಬೊಡ್ಡೆಗೆ ಟೇಪು ಸುತ್ತಬೇಕು. ಅಲ್ಲಿ ಸುತ್ತಳತೆ ಒಂದು ಅಡಿ ಬಂದರೆ ಮರ, ಬರದಿದ್ದರೆ ಕಂಟಿ. ಧಾರವಾಡದಲ್ಲಿ ನಮ್ಮಿಬ್ಬರಿಗೂ ಕಲಿಸಿದ್ದು ಇದನ್ನೇ. ನಾನು ಆ ಇಳಿಜಾರನ್ನು ಕೆಳಗಿನಿಂದ ನೆತ್ತಿಯವರೆಗೆ ಹತ್ತಿದೆ. ಗಾಳಿಗೆ ನಿಲ್ಲಲು ಆಗುತ್ತಿರಲಿಲ್ಲ. ಎದೆ ಎತ್ತರದಲ್ಲಿ ಟೇಪು ಸುತ್ತಲು ಅಲ್ಲಿ ಬೊಡ್ಡೆಯೇ ಇರಲಿಲ್ಲ, ಶಬ್ಬು. ಇಲ್ಲದ್ದನ್ನು ಇಲ್ಲ ಅಂತ ಬರೆದೆ. ಇದರಲ್ಲಿ ನನ್ನ ತಪ್ಪು ಎಲ್ಲಿದೆ ಹೇಳು.

ಬಾಳವ್ವನಿಗೆ ಕಂಡಿದ್ದು ಅಷ್ಟೇ ಇರಬೇಕು. ಇಳಿದ ಮೇಲೆ ನಿಮ್ಮ ಬಾಗಿಲವರೆಗೆ ಬಂದಿದ್ದೆ. ಕೀಲಿ ಹಾಕಿತ್ತು. ಹಾಕಿರದಿದ್ದರೆ ಕದ ಬಡಿಯುತ್ತಿದ್ದೆನೋ ಇಲ್ಲವೋ, ನನಗೂ ಗೊತ್ತಿಲ್ಲ.

ನೀನು ನುಂಗಿಕೊಂಡದ್ದರ ಬಗ್ಗೆ ಬರೆದೆ. ನನ್ನ ಮದುವೆಯ ದಿನ ನರಗುಂದದಲ್ಲಿ ಅಕ್ಷತೆ ಬೀಳುವ ಹೊತ್ತಿಗೂ ಅವ್ವ ನನ್ನ ಕಿವಿಯಲ್ಲಿ "ಗಜೇಂದ್ರಗಡದಾಕಿ ಎಲ್ಲೆ ಅದಾಳ?" ಅಂತ ಕೇಳಿದಳು. ಬಸ್ಸು ತಡ ಆಗಿರಬೇಕು ಅಂದೆ. ನಾನೂ ಒಂದಿಷ್ಟು ನುಂಗಿದ್ದೇನೆ.

ನಮಗೀಗ ಒಂದು ಹೆಣ್ಣು ಕೂಸು. ಹಲ್ಲು ಬರುತ್ತಿವೆ, ಕೈಗೆ ಸಿಕ್ಕದ್ದನ್ನೆಲ್ಲ ಕಚ್ಚುತ್ತಾಳೆ. ನಿನ್ನ ಕಾಗದದ ಒಂದು ಮೂಲೆಯನ್ನೂ ತಿಂದಿದ್ದಾಳೆ.

ರಾಜಿ


ಗಜೇಂದ್ರಗಡ
14 ಮೇ 2025

ರಾಜಿ,

ಕೂಸು ಕಚ್ಚುತ್ತದೆ ಅಂದರೆ ಜಾಣೆ ಇದೆ. ತಾಯಿಯ ಮೇಲೆ ಹೋಗಿಲ್ಲ.

ನಿನ್ನ ಕಾಗದವನ್ನು ಅಮ್ಮಿಗೆ ಓದಿ ಹೇಳಿದೆ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಎದೆ ಎತ್ತರ ಅನ್ನುವಲ್ಲಿ ಕೈ ನಿಲ್ಲಿಸಿ, "ಯಾರ ಎದಿ ಅಂತ ಕೇಳ ಆಕೀನ. ನಂದೋ, ಬಾಳವ್ವಂದೋ, ಆ ಗಣಿ ಸಾಹೇಬಂದೋ?" ಅಂದಳು. ಇಬ್ಬರೂ ನಕ್ಕೆವು. ನಕ್ಕು ಮುಗಿದ ಮೇಲೆ ಅದೇ ಮಾತು ತಲೆಯಲ್ಲಿ ಕೊರೆಯಲು ಹತ್ತಿತು. ಮರುದಿನ ಬಿಸಿಲೇರುವ ಮೊದಲು ಟೇಪು ತಗೊಂಡು ಹತ್ತಿದೆ.

ಈಗ ಕೇಳು. ಉತ್ತರದ ಕಡೆಯ ಕೊಳ್ಳದಲ್ಲಿ ದಿಂಡಲ ಮರ ಎರಡಾಳು ಎತ್ತರ ನಿಂತಿದೆ. ಅಲ್ಲಿ ಮಣ್ಣಿದೆ, ತಂಪಿದೆ, ಗಾಳಿ ತಲೆಯ ಮೇಲಿಂದ ಹಾದು ಹೋಗುತ್ತದೆ. ಅದೇ ದಿಂಡಲ ಈ ಕಡೆಯ ಇಳಿಜಾರಿನಲ್ಲಿ ನನ್ನ ಸೊಂಟಕ್ಕೆ ಬರುವುದಿಲ್ಲ. ಇಲ್ಲಿ ಮಣ್ಣು ಒಂದು ಗೇಣೂ ಇಲ್ಲ, ಕೆಳಗೆಲ್ಲ ಬಂಡೆ. ದಿನವಿಡೀ ಬಿಸಿಲು. ಮುಂಗಾರಿನ ಗಾಳಿ ನೆಟ್ಟಗೆ ಬಂದು ಬಡಿಯುತ್ತದೆ, ಅದು ಹೊತ್ತು ತಂದ ಮಳೆ ಇಲ್ಲಿ ನಿಲ್ಲುವುದಿಲ್ಲ. ತಲೆ ಎತ್ತಿದ ಕುಡಿಯನ್ನು ಗಾಳಿ ಸುಡುತ್ತದೆ, ಉಳಿದದ್ದನ್ನು ಆಡು ಮೇಯುತ್ತದೆ. ಅಂಥ ಕಡೆ ಮರ ಏನು ಮಾಡಬೇಕು ಹೇಳು. ಸಾಯುವುದಿಲ್ಲ ಅಂತ ಹಟ ಹಿಡಿದು ಕೂಡುತ್ತದೆ. ಮೇಲೆ ಹೋಗುವುದನ್ನು ಬಿಟ್ಟು ಅಡ್ಡಕ್ಕೆ ಹರಡುತ್ತದೆ, ಬುಡ ದಪ್ಪ ಮಾಡಿಕೊಳ್ಳುತ್ತದೆ, ಬಂಡೆಯ ಸೀಳಿನಲ್ಲಿ ಬೇರು ಇಳಿಸುತ್ತದೆ.

ನಾನು ನೆಲಕ್ಕೆ ಕೂತು ಬುಡದಲ್ಲಿ ಟೇಪು ಸುತ್ತಿದೆ. ನಿನ್ನ ಒಂದು ಅಡಿ ಎಲ್ಲಿ ಹೋಯಿತೋ. ಒಂದು ಕಮರಾ ಮರದ ಬುಡ ಸುತ್ತುವಾಗ ನಾನು ಎದ್ದು ಆ ಕಡೆ ಹೋಗಿ ಕೂಡಬೇಕಾಯಿತು. ಅದರ ಎತ್ತರ ನೋಡಿದರೆ ಮೇಕೆಯ ಬೆನ್ನಷ್ಟು. ನಮ್ಮ ಅಜ್ಜ ಹುಟ್ಟುವ ಮೊದಲಿನಿಂದ ಅದು ಅಲ್ಲಿ ಇರಬೇಕು. ದಿಂಡಲ, ಕಮರಾ, ಮಸಿವಾಳ, ತುಮರಿ, ಉದಿ, ಬಿಕ್ಕಿ, ಕಾರಿ, ಎಲ್ಲ ಇವೆ. ಕೊಳ್ಳದಲ್ಲಿ ಇಲ್ಲದ ಜಾತಿಗಳೂ ಇಲ್ಲಿವೆ, ಯಾಕೆಂದರೆ ಈ ಬಿಸಿಲು ತಡೆಯುವ ತಾಕತ್ತು ಅವಕ್ಕೆ ಮಾತ್ರ ಇದೆ. ಇಡೀ ಕಾಡು ಕುಕ್ಕರುಗಾಲಲ್ಲಿ ಕೂತಿದೆ, ನೀನು ನಿಂತೇ ನೋಡಿ ಯಾರೂ ಇಲ್ಲ ಅಂದೆ.

ಒಣ ಗುಡ್ಡದ ಮರಗಳನ್ನು ಬುಡದಲ್ಲಿ ಅಳೆಯಬೇಕು ಅಂತ ನಮ್ಮ ಪುಸ್ತಕದಲ್ಲೇ ಇತ್ತು. ನಿನ್ನೆ ತೆಗೆದು ನೋಡಿದೆ. ಆ ಪಾಠ ಪರೀಕ್ಷೆಗೆ ಬರುವುದಿಲ್ಲ ಅಂತ ಇಬ್ಬರೂ ಬಿಟ್ಟಿದ್ದೆವು.

ಆದ್ದರಿಂದ ಸುಳ್ಳಿ ಅನ್ನುವ ಮಾತು ವಾಪಸು. ನೀನು ಸುಳ್ಳಿ ಅಲ್ಲ, ಮೊಂಡಿ. ಬಂದು ಬುಡದಲ್ಲಿ ಅಳೆ, ವರದಿ ತಿದ್ದು. ನಮ್ಮ ಮನೆಗೆ ಬರುವುದು ಬೇಕಾಗಿಲ್ಲ, ಗುಡ್ಡಕ್ಕೆ ಬಂದರೆ ಸಾಕು.

ಶಬಾನಾ


ಹುಬ್ಬಳ್ಳಿ
12 ಜೂನ್ 2025

ಶಬ್ಬು,

ನಿನ್ನ ಕಾಗದ ಓದಿ ಹಳೆಯ ಪುಸ್ತಕ ಹುಡುಕಿದೆ. ನೀನು ಹೇಳಿದ್ದು ಖರೇ. ಆಫೀಸಿನಲ್ಲಿ ನಮ್ಮ ಸಾಹೇಬರ ಮುಂದೆ ಇಟ್ಟು, ಇನ್ನೊಮ್ಮೆ ಅಳೆಯಲು ಹೋಗುತ್ತೇನೆ ಸರ್ ಅಂದೆ. ಅವರು ಪುಸ್ತಕ ಮುಟ್ಟಲಿಲ್ಲ. "ಮೇಡಂ, ನಮಗ ಕೆಲಸಾ ಕೊಟ್ಟವ್ರು ಗಣಿಯವ್ರು. ಗಿಡದ ಕುಂಡಲಿ ಬರ್ಯಾಕ ಕೊಟ್ಟಿಲ್ಲ. ಕೊಟ್ಟ ವರದಿ ಕೊಟ್ಟಂಗ" ಅಂದರು. ನಾನು ಏಳುವ ಮೊದಲು, ಇದನ್ನೆಲ್ಲ ನಿಮ್ಮ ತಲೆಯಲ್ಲಿ ತುಂಬಿದವರು ಯಾರು ಅಂತ ಕೇಳಿದರು. ನಾನು ಹೇಳಲಿಲ್ಲ. ಆದರೆ ಏಪ್ರಿಲಿನಲ್ಲಿ ನೀನು ಆಫೀಸಿಗೆ ಹಾಕಿದ ಪಾಕೀಟಿನ ಮೇಲೆ ನಿನ್ನ ಹೆಸರು, ಊರು ಎರಡೂ ಇದ್ದವು. ರೋಣದ ಕಾಲೇಜಿನಲ್ಲಿ ನೀನು ಅತಿಥಿ ಉಪನ್ಯಾಸಕಿ ಅನ್ನುವುದು ಅವರಿಗೆ ಈಗ ಗೊತ್ತಾಗಿದೆ.

ಜುಲೈಯಲ್ಲಿ ನಿನ್ನ ಮರುನೇಮಕ ಆಗಬೇಕಲ್ಲವೇ? ಅಲ್ಲಿಯವರೆಗಾದರೂ ಸುಮ್ಮನಿರು. ಕಾಲು ಬೀಳುತ್ತೇನೆ ಅಂದರೂ ಕೇಳುವವಳಲ್ಲ ನೀನು, ಆದರೂ ಹೇಳುತ್ತಿದ್ದೇನೆ.

ನನ್ನಿಂದ ಇದಕ್ಕಿಂತ ಹೆಚ್ಚು ಆಗುವುದಿಲ್ಲ. ನಮ್ಮ ಮನೆಯವರು ಅನಿಲಕುಮಾರ ಅವರು ಅಂಗಡಿ ಹಾಕಿ ಇನ್ನೂ ವರ್ಷವಾಗಿಲ್ಲ, ಮನೆ ನಡೆಯುವುದು ನನ್ನ ಪಗಾರದಲ್ಲಿ. ಬೈಯಬೇಕು ಅನ್ನಿಸಿದರೆ ಬೈ.

ರಾಜಿ


ಗಜೇಂದ್ರಗಡ
6 ಜುಲೈ 2025

ರಾಜೇಶ್ವರಿ ಮೇಡಂ ಅವರಿಗೆ,

ಅಪ್ಪಣೆ ಕೊಟ್ಟಿದ್ದೀರಿ, ಬೈಯುತ್ತೇನೆ.

ಮೊದಲು ಸುದ್ದಿ. ಪ್ರಿನ್ಸಿಪಾಲರು ಕರೆದಿದ್ದರು. ಚಹಾ ತರಿಸಿದಾಗಲೇ ಗೊತ್ತಾಯಿತು, ಅವರು ಸುಮ್ಮನೆ ಚಹಾ ತರಿಸುವ ಪೈಕಿ ಅಲ್ಲ. "ಶಬಾನಾ ಮೇಡಂ, ಪಾಠಾ ಮಾಡ್ಕೊಂಡು ಹೋಗೂದು ಬಿಟ್ಟು ಗುಡ್ಡಾ ಯಾಕ ತಲಿ ಮ್ಯಾಲ ಹೊತ್ಕೊಂಡೀರಿ? ಎಲ್ಲೆಲ್ಲಿಂದನೋ ಫೋನ್ ಬರಾಕ ಹತ್ಯಾವು" ಅಂದರು. "ಸಸ್ಯಶಾಸ್ತ್ರ ಕಲಸಾಕ ಇಟ್ಕೊಂಡೀರಿ ಸರ್. ಸಸ್ಯ ಗುಡ್ಡದಾಗ ಅದಾವು, ಸ್ಟಾಫ್ ರೂಮಿನ್ಯಾಗ ಇಲ್ರಿ" ಅಂದೆ. ಈ ವರ್ಷ ನನ್ನ ಹೆಸರು ಇಲ್ಲ. ಚಹಾ ಮಾತ್ರ ಪೂರ್ತಿ ಕುಡಿದೇ ಬಂದೆ.

ನೌಕರಿ ಹೋದ ದಿನ ಅಳು ಬಂತು, ಇಲ್ಲ ಅನ್ನುವುದಿಲ್ಲ. ಬಸ್ಸಿನಲ್ಲಿ ಗಜೇಂದ್ರಗಡ ಬರುವವರೆಗೂ ಅತ್ತೆ. ಮನೆ ಮುಟ್ಟಿದಾಗ ಗುಡ್ಡದ ಮೇಲೆ ಮಳೆ ಹಿಡಿದಿತ್ತು. ಈಗ ಇಡೀ ದಿನ ನನ್ನ ಕೈಯಲ್ಲೇ ಇದೆ, ಯಾರ ಅಪ್ಪಣೆಯೂ ಬೇಕಿಲ್ಲ. ಅಂದೇ ತೀರ್ಮಾನ ಮಾಡಿದೆ, ಇಳಿಜಾರಿನ ಒಂದೊಂದು ಮರವನ್ನೂ ಬುಡ ಹಿಡಿದು ಅಳೆಯುವುದು.

ಅಮ್ಮಿ, ಬಾಳವ್ವ, ಹಣ್ಣು ಮಾರುವ ಸಕ್ಕೂಬಾಯಿ ಎಲ್ಲರೂ ಬರುತ್ತಾರೆ. ಶುರುವಿಗೆ ಬಾಳವ್ವ ಟೇಪು ಮುಟ್ಟಲೇ ಅಂಜಿದಳು. ಈಗ ಮರದ ಬುಡಕ್ಕೆ ಸುತ್ತಿ, "ಮೊಮ್ಮಗಳಿಗೆ ಉಡದಾರ ಕಟ್ಟಿದಂಗ ಆತ ನೋಡ" ಅನ್ನುತ್ತಾಳೆ. ಸಕ್ಕೂಬಾಯಿಗೆ ಒಂದು ಮರ ಬಿಟ್ಟರೂ ಸಿಟ್ಟು. ಮೊನ್ನೆ ಎರಡು ಬಂಡೆಗಳ ನಡುವೆ ಸಿಕ್ಕ ಮಸಿವಾಳ ಅಳೆಯಲು ಹೊಟ್ಟೆಯ ಮೇಲೆ ಮಲಗಿ ಕೈ ತೂರಿಸಿದಳು, ಎಳೆದು ತೆಗೆಯಲು ಮೂವರು ಬೇಕಾದೆವು. ಗುಡ್ಡವೆಲ್ಲ ಚಿಗುರಿದೆ. ಹೋಳಿಯಲ್ಲಿ ನೀನು ಕಂಟಿ ಅಂದದ್ದೆಲ್ಲ ಈಗ ಎಲೆ ಬಿಟ್ಟುಕೊಂಡು ಹೆಸರು ಹೇಳುತ್ತಿವೆ. ಗಣಿಯ ಜೀಪು ದಿನಾ ಬಂದು ಕೆಳಗೆ ನಿಲ್ಲುತ್ತದೆ. ನಾವು ಮೇಲಿಂದ ಕೈ ಬೀಸುತ್ತೇವೆ.

ಇನ್ನು ಬೈಗುಳ. ಮನೆ, ಗಂಡ, ಕೂಸು, ಪಗಾರ ಅಂತ ಬರೆದಿದ್ದೀ. ನಮ್ಮಲ್ಲೂ ಒಲೆ ಉರಿಯಬೇಕು. ಅಳತೆ ತಪ್ಪು ಅಂತ ಗೊತ್ತಾದ ಮೇಲೂ ಅದರ ಕೆಳಗೆ ಸಹಿ ಇಟ್ಟುಕೊಂಡು ಉಣ್ಣುವವಳಿಗೆ ನಮ್ಮ ಕಡೆ ಏನಂತಾರೆ ನಿನಗೆ ಗೊತ್ತು. ಹೇಡಿ ಅಂತ ಬರೆದೆ, ಅದು ಸಣ್ಣ ಮಾತಾಯಿತು. ಉಂಡ ಮನೆಯ ಜಂತಿ ಎಣಿಸುವವಳು ನೀನು. ನಿನ್ನ ಡಿಗ್ರಿಯನ್ನು ಕವಳಿ ಹಣ್ಣಿನ ಬುಟ್ಟಿಗೆ ಹಾಸಲು ಕೊಡು, ಅಷ್ಟಾದರೂ ಉಪಯೋಗಕ್ಕೆ ಬರಲಿ.

"ಹಂಗೆಲ್ಲಾ ಬರೀಬ್ಯಾಡ, ಹಸಿಮೈ ಬಾಣಂತಿ ಇದ್ದಾಕಿ" ಅಂತ ಅಮ್ಮಿ ಗೊಣಗುತ್ತಿದ್ದಾಳೆ. ಕೂಸಿಗೆ ಹಲ್ಲು ಬಂದವಳು ಇನ್ನೆಂಥ ಬಾಣಂತಿ?

ಶಬಾನಾ


ಗಜೇಂದ್ರಗಡ
25 ಆಗಸ್ಟ್ 2025

ರಾಜೇಶ್ವರಿ,

ಜುಲೈ ಕಾಗದಕ್ಕೆ ಉತ್ತರವಿಲ್ಲ. ಅದರ ಹಿಂದೆಯೇ ಹಾಕಿದ ಎರಡಕ್ಕೂ ಇಲ್ಲ. ಬೈದರೆ ಸಹಿಸುತ್ತೀ ಅಂದುಕೊಂಡಿದ್ದೆ, ಉತ್ತರ ಕೊಡುವಷ್ಟೂ ನಾಲಿಗೆ ಉಳಿದಿಲ್ಲ ನಿನಗೆ.

ಒಂಬತ್ತನೇ ತಾರೀಖು ವಿಚಾರಣೆ. ವರದಿ ಓದಲು ನಿನ್ನನ್ನೂ ಕರೆದಿದ್ದಾರೆ ಅಂತ ನೋಟಿಸಿನಲ್ಲಿದೆ. ಬಾ, ಬಂದು ಓದು. ನಾನು ಮೊದಲು ಮಾತಾಡುತ್ತೇನೆ. ನೀನು ಓದಲು ಎದ್ದಾಗ ನಾನು ಅಲ್ಲಿ ಕೂಡುವುದಿಲ್ಲ. ಆ ವರದಿಯನ್ನು ನಿನ್ನ ದನಿಯಲ್ಲಿ ಕೇಳುವಷ್ಟು ಗಟ್ಟಿ ಎದೆ ನನಗಿಲ್ಲ.

ಅಮ್ಮಿಯೂ ಈಗೀಗ ಬದಲಾಗಿದ್ದಾಳೆ. ಐತವಾರ ಬಂತೆಂದರೆ "ನೀ ಮನ್ಯಾಗ ಇರು, ದಿನಾ ದಿನಾ ಗುಡ್ಡಾ ಹತ್ತಿ ಸೊರಗಿ ಹೋಗೀದಿ" ಅಂತ ನನ್ನನ್ನು ಬಿಟ್ಟು ತಾನೇ ಹೋಗುತ್ತಾಳೆ. ಅವಳಿಗೂ ನನ್ನ ಸಿಟ್ಟು ಸಾಕಾಗಿರಬೇಕು. ಸಾಕಾಗಲಿ. ನನಗೆ ಸಾಕಾಗಿಲ್ಲ.

ನಮ್ಮ ಮನೆಯಲ್ಲಿ ಇನ್ನು ಮೇಲೆ ನಿನ್ನ ಹೆಸರು ಎತ್ತಬಾರದು ಅಂತ ಹೇಳಿದ್ದೇನೆ. ನಾನೂ ಎತ್ತುವುದಿಲ್ಲ. ಇದೇ ಕೊನೆಯ ಕಾಗದ.

ಶಬಾನಾ


ಹುಬ್ಬಳ್ಳಿ
10 ಸೆಪ್ಟೆಂಬರ್ 2025

ಶಬ್ಬು,

ನಿನ್ನೆ ನನ್ನ ಹೆಸರು ಕೂಗಿದ ಕೂಡಲೇ ನೀನು ಕುರ್ಚಿ ಸರಿಸಿ ಹೊರಗೆ ಹೋದೆ. ನನ್ನ ಪಕ್ಕದಲ್ಲೇ ಹಾದು ಹೋದೆ, ಕಡೆಗಣ್ಣಿನಲ್ಲೂ ನೋಡಲಿಲ್ಲ. ಅಲ್ಲಿ ಏನಾಯಿತು ಅಂತ ಈ ಹೊತ್ತಿಗೆ ಕಾಶೀಂಬಿ ಅಮ್ಮಿ ಅರ್ಧ ಹೇಳಿರುತ್ತಾರೆ. ಉಳಿದರ್ಧ ನಾನು ಹೇಳುತ್ತೇನೆ. ಈ ಸಲ ನೀನು ಬಾಯಿ ಮುಚ್ಚಿಕೊಂಡು ಓದು.

ನಾನು ಹಳೆಯ ವರದಿ ಓದಲಿಲ್ಲ. ಅದು ತಪ್ಪು ಎತ್ತರದಲ್ಲಿ ಅಳೆದದ್ದು, ಅದನ್ನು ರದ್ದು ಮಾಡಬೇಕು ಅಂತ ಬರೆದ ಅರ್ಜಿಯನ್ನೂ ಹೊಸ ಅಳತೆಯನ್ನೂ ಅಧಿಕಾರಿಗಳ ಕೈಗೆ ಕೊಟ್ಟೆ. ಹೊಸ ಅಳತೆ ನನ್ನದೇ. ಆಗಸ್ಟಿನ ಐತವಾರಗಳೆಲ್ಲ ನಾನು ನಿಮ್ಮ ಗುಡ್ಡದ ಮೇಲಿದ್ದೆ. ಅತ್ತೆಯವರ ಹತ್ತಿರ ಕೂಸನ್ನು ಬಿಟ್ಟು ಮೊದಲ ಬಸ್ಸಿಗೆ ಬರುತ್ತಿದ್ದೆ. ಮೊದಲ ಸಲ ಹತ್ತುವಾಗಲೇ ಅಮ್ಮಿ ಎದುರು ಸಿಕ್ಕರು. ಬೈಯುತ್ತಾರೆ ಅಂತ ತಲೆ ತಗ್ಗಿಸಿ ನಿಂತೆ. ಅವರು ಬುಟ್ಟಿ ಇಳಿಸಿ, "ಬಂದಿ? ನಡಿ, ಮ್ಯಾಲಿಂದ ಹಿಡಿಯೂಣು. ಕೆಳಗ ಬಿಸಿಲಿಗೆ ಆಗೂದಿಲ್ಲ" ಅಂದರು. ಅಷ್ಟೇ. ನನಗೆ ಅಳು ತಡೆಯಲಿಲ್ಲ. ಶಬಾನಾಗೆ ಹೇಳಬೇಡಿ ಅಂತ ನಾನೇ ಆಣೆ ಹಾಕಿಸಿದೆ. ಅವರು ಐತವಾರ ನಿನ್ನನ್ನು ಮನೆಯಲ್ಲಿ ಇರಿಸಿದ್ದು ಅದಕ್ಕೇ.

ಯಾಕೆ ಹೇಳಲಿಲ್ಲ ಅಂದರೆ, ನೀನು ಅಳೆದರೆ ಅದು ತಕರಾರಿನವಳ ಅಳತೆ. ನಿನ್ನೆ ನೀನು ಮಾತಾಡಿದ ಮೇಲೆ ಗಣಿಯವರ ವಕೀಲರು ಹೇಳಿದ್ದೂ ಅದನ್ನೇ, ಈಕಿ ನಮ್ಮ ವಿರೋಧಿ, ಈಕಿಯ ಟೇಪು ನಮಗೆ ಒಪ್ಪಿಗೆ ಇಲ್ಲ ಅಂತ. ಬೋಳು ಗುಡ್ಡ ಅಂತ ಬರೆದ ಕೈಯೇ ಕಾಡು ಅಂತ ಬರೆಯಬೇಕಿತ್ತು. ಎರಡರ ಕೆಳಗೂ ಒಂದೇ ಸಹಿ ಇದ್ದರೆ ಅವರು ಎಲ್ಲಿಗೆ ಓಡುತ್ತಾರೆ?

ಓಡಲು ಒಂದು ದಾರಿ ಹುಡುಕಿದರು. ವಕೀಲರು ಎದ್ದು, "ಸಾಹೇಬ್ರ, ಇವರಿಬ್ರೂ ಒಂದ ಖೋಲ್ಯಾಗ ಇದ್ದು ಓದಿದ ಗೆಳತ್ಯಾರ್ರಿ. ಕೂಡಿ ನಾಟಕಾ ಕಟ್ಯಾರ" ಅಂದರು. ಇದು ಬರುತ್ತದೆ ಅಂತ ನನಗೆ ಗೊತ್ತಿತ್ತು. ನೀನು ನನಗೆ ಬರೆದ ಕಾಗದಗಳನ್ನೆಲ್ಲ ಚೀಲದಿಂದ ತೆಗೆದು ಅಧಿಕಾರಿಗಳ ಮೇಜಿನ ಮೇಲೆ ಇಟ್ಟೆ. ಒಂದನ್ನೂ ಮುಚ್ಚಿಡಲಿಲ್ಲ. ಅವರು ಕನ್ನಡಕ ಹಾಕಿಕೊಂಡು ಓದಿದರು. ಉಂಡ ಮನೆಯ ಜಂತಿ ಬಂದಾಗ ಮುಖ ಎತ್ತಿ ನನ್ನನ್ನು ನೋಡಿದರು, ಡಿಗ್ರಿಯ ಬುಟ್ಟಿ ಬಂದಾಗ ಮೀಸೆ ಒರೆಸಿಕೊಂಡರು. ಕೊನೆಗೆ ವಕೀಲರ ಕಡೆ ತಿರುಗಿ, "ಈಕಿ ಗೆಳತಿ ಅಂದ್ರ, ವೈರಿ ಹ್ಯಾಂಗಿರ್ತಾಳ್ರಿ ವಕೀಲರ?" ಅಂದರು. ಇಡೀ ಸಭೆ ನಕ್ಕಿತು. ಬಾಳವ್ವ ಚಪ್ಪಾಳೆ ತಟ್ಟಿದಳು. ನನಗೆ ಜೀವಮಾನದಲ್ಲಿ ಬೈಗುಳದಿಂದ ಇಷ್ಟು ಉಪಕಾರ ಆಗಿರಲಿಲ್ಲ.

ಆದೇಶ ಹೀಗಿದೆ. ನನ್ನ ಎರಡೂ ವರದಿ ಪಕ್ಕಕ್ಕೆ. ಎಲೆ ಉದುರುವ ಮೊದಲು, ನವೆಂಬರಿನಲ್ಲಿ, ಸರಕಾರದ ಕಡೆಯಿಂದಲೇ ಬುಡದಲ್ಲಿ ಅಳೆಯಬೇಕು. ಅಳೆಯುವಾಗ ಗುರುತು ತೋರಿಸಲು ನಾನು ಇರಬೇಕು. ಗಣಿಯವರೂ ಇರುತ್ತಾರೆ.

ಇವತ್ತು ಬೆಳಿಗ್ಗೆ ಆಫೀಸಿನಲ್ಲಿ ಒಂದು ಕಾಗದ ಮುಂದಿಟ್ಟರು. ಮನಸ್ಸು ಸ್ಥಿಮಿತದಲ್ಲಿ ಇರಲಿಲ್ಲ, ಯಾರದೋ ಒತ್ತಾಯಕ್ಕೆ ಹಾಗೆ ಮಾಡಿದೆ ಅಂತ ಅದರಲ್ಲಿ ಬರೆದಿತ್ತು. ಸಹಿ ಮಾಡಿದರೆ ನೌಕರಿ ಉಳಿಯುತ್ತದೆ ಅಂದರು. ಎರಡು ಸಲ ಅಳೆದು ಎರಡು ಸಹಿ ಮಾಡಿದ್ದೇನೆ ಸರ್, ಮೂರನೆಯದಕ್ಕೆ ಗುಡ್ಡದಲ್ಲಿ ಜಾಗವಿಲ್ಲ ಅಂತ ಹೇಳಿ ನನ್ನ ನೀರಿನ ಬಾಟಲಿ, ಛತ್ರಿ ತಗೊಂಡು ಬಂದೆ. ಅನಿಲಕುಮಾರ ಅವರು ಅಂಗಡಿಯ ಲೆಕ್ಕದ ಪುಸ್ತಕ ತೆರೆದು ನೋಡಿದರು. ಆಮೇಲೆ, ಅಂಗಡಿಯಲ್ಲಿ ಕೂಡಲು ಒಬ್ಬರು ಬೇಕೇ ಇದ್ದರು ಅಂದರು. ಅವರ ಮುಖ ನೋಡಿದರೆ ನನಗೆ ಅಂಜಿಕೆ ಆಗುತ್ತದೆ, ಆದರೂ ವಾಪಸು ಹೋಗುವುದಿಲ್ಲ.

ಈಗ ನಿನ್ನಲ್ಲಿ ಒಂದು ಕೇಳುತ್ತೇನೆ. ಅಳತೆ ಮುಗಿಯುವ ತನಕ ನನ್ನನ್ನು ಕಾಣಲು ಬರಬೇಡ, ಬರೆಯಬೇಡ, ಆ ದಿನಗಳಲ್ಲಿ ಗುಡ್ಡ ಹತ್ತಬೇಡ. ನಾವಿಬ್ಬರೂ ಒಂದು ಚಹಾದಂಗಡಿಯಲ್ಲಿ ಕೂತದ್ದು ಕಂಡರೂ ಅವರಿಗೆ ಸಾಕು. ನಿನಗೆ ಇದು ಎಷ್ಟು ಕಷ್ಟ ಅಂತ ಬಲ್ಲೆ. ಅಲ್ಲಿಯವರೆಗೆ ನಾವು ವೈರಿಗಳಾಗಿಯೇ ಇರೋಣ.

ರಾಜಿ


ಗಜೇಂದ್ರಗಡ
18 ನವೆಂಬರ್ 2025

ರಾಜಿ,

ಅಳತೆ ಮುಗಿದು ಆದೇಶ ಗೋಡೆಗೆ ಬಿದ್ದ ಮೇಲೆಯೇ ಪೆನ್ನು ಹಿಡಿದಿದ್ದೇನೆ. ನೀನು ಹೇಳಿದ್ದನ್ನು ನಾನು ಕೇಳಿದ್ದು ಇದೇ ಮೊದಲು, ಇದೇ ಕೊನೆ.

ಸೆಪ್ಟೆಂಬರಿನ ನಿನ್ನ ಕಾಗದವನ್ನು ನಾನು ಅಡಿಗೆ ಮನೆಯ ಮೂಲೆಯಲ್ಲಿ ಕೂತು ಓದಿದೆ. ಓದಿ ಮುಗಿಸಿ ಅಮ್ಮಿಯ ಕಡೆ ನೋಡಿದರೆ ಅವಳು ಹಿಟ್ಟು ನಾದುತ್ತಾ ಗೋಡೆ ನೋಡುತ್ತಿದ್ದಳು. ನಿಮ್ಮಿಬ್ಬರ ಮೇಲೂ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ನನ್ನ ಗುಡ್ಡದ ಮೇಲೆ, ನನ್ನ ತಾಯಿಯ ಜೋಡಿ, ನನ್ನ ಟೇಪಿನಲ್ಲಿ, ನನ್ನನ್ನೇ ಬಿಟ್ಟು. ಹೌದು, ಟೇಪು ನನ್ನದೇ, ಅಮ್ಮಿ ಒಪ್ಪಿಕೊಂಡಿದ್ದಾಳೆ. ಅವತ್ತೇ ಹುಬ್ಬಳ್ಳಿ ಬಸ್ಸು ಹತ್ತಿ ಬಂದು ನಿನ್ನನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು, ಎರಡು ಬಾರಿಸಬೇಕು ಅಂತಲೂ ಅನ್ನಿಸಿತು. ಎರಡೂ ಮಾಡದೆ ಕೂಡುವುದು ನೌಕರಿ ಕಳೆದುಕೊಂಡದ್ದಕ್ಕಿಂತ ಕಷ್ಟವಾಯಿತು.

ಅಳತೆಯ ದಿನಗಳಲ್ಲಿ ನಾನು ಊರಲ್ಲೇ ಇರಲಿಲ್ಲ. ಇದ್ದರೆ ಕಾಲು ತಾನಾಗಿಯೇ ಗುಡ್ಡ ಹತ್ತುತ್ತಿತ್ತು. ಅಮ್ಮಿಯ ಬುಟ್ಟಿ ಹೊತ್ತು ರೋಣಕ್ಕೆ ಹೋದೆ. ಸೀತಾಫಲದ ಕಾಲ. ಸಂತೆಯಲ್ಲಿ ಕೂಡಲಿಲ್ಲ, ಕಾಲೇಜಿನ ಗೇಟಿನ ಎದುರೇ ಗೋಣಿಚೀಲ ಹಾಸಿಕೊಂಡು ಕೂತೆ. ನನ್ನ ವಿದ್ಯಾರ್ಥಿನಿಯರು ಮೊದಮೊದಲು ದೂರದಿಂದ ನೋಡಿ ಹೋದರು. ಆಮೇಲೆ ಹತ್ತಿರ ಬಂದು ಕೂತು, ಹಣ್ಣು ತಿನ್ನುತ್ತಾ ಪಾಠದ ಸಂಶಯ ಕೇಳಲು ಶುರು ಮಾಡಿದರು. ಬೀಜ ಉಗುಳುತ್ತಾ ಬೀಜದ ಪಾಠ ಮಾಡಿದೆ.

ಕೊನೆಯ ದಿನ ಪ್ರಿನ್ಸಿಪಾಲರು ಕಾರು ನಿಲ್ಲಿಸಿದರು. ಕಿಟಕಿಯ ಕಾಜು ಇಳಿಸಿ, "ಇದೇನ್ರಿ ಮೇಡಂ?" ಅಂದರು.

"ಸೀತಾಫಲ ರೀ ಸರ್" ಅಂದೆ. "ಬೋಳು ಗುಡ್ಡದಾಗ ಬೆಳದಾವು."

ಅವರು ಕಾಜು ಏರಿಸಿಕೊಂಡು ಹೋದರು. ಹುಡುಗಿಯರು ನಕ್ಕದ್ದು ಅವರಿಗೂ ಕೇಳಿಸಿರಬೇಕು. ನನಗೆ ಅಂದು ಎಷ್ಟು ತಂಪಾಯಿತು ಅಂತ ಬರೆಯಲು ಬರುವುದಿಲ್ಲ.

ಆದೇಶ ನೀನೂ ನೋಡಿರುತ್ತೀ, ಆದರೂ ಬರೆಯುವ ಸುಖ ಬಿಡುವುದಿಲ್ಲ. "ಸದರಿ ಇಳಿಜಾರು ದಟ್ಟ ಜಾತಿವೈವಿಧ್ಯವುಳ್ಳ ಕುಬ್ಜ ಮರಗಳ ಒಣ ಕಾಡಾಗಿದ್ದು, ಗಣಿಗಾರಿಕೆಗೆ ಯೋಗ್ಯವಾಗಿರುವುದಿಲ್ಲ." ಬಾಳವ್ವನಿಗೆ ಓದಿ ಹೇಳಿದೆ. ಕುಬ್ಜ ಅಂದರೆ ಗಿಡ್ಡ ಅಂತ ಬಿಡಿಸಿ ಹೇಳಿದ ಮೇಲೆ, "ಗಿಡ್ಡ ಇದ್ರ ಇರಲೇಳು, ಅದಾವು ಅಂತ ಬರದಾರಲ್ಲಾ" ಅಂದಳು.

ಆದರೆ ಪೂರ್ತಿ ಗೆದ್ದಿಲ್ಲ. ರಸ್ತೆಗೆ ಹತ್ತಿದ ಕೆಳಗಿನ ಮೂಲೆಯನ್ನು ಅವರಿಗೇ ಬಿಟ್ಟಿದ್ದಾರೆ. ಅಲ್ಲಿ ಬಳ್ಳಾರಿ ಜಾಲಿ ಬಿಟ್ಟರೆ ಬೇರೆ ಏನೂ ಇಲ್ಲವಂತೆ. ನಿನ್ನೆ ಹೋಗಿ ನೋಡಿ ಬಂದೆ. ಜಾಲಿಯ ಮುಳ್ಳಿನ ಒಳಗೆ, ಆಡಿಗೂ ಕೊಡಲಿಗೂ ಸಿಗದೆ, ಕಮರಾದ ಸಸಿಗಳು ಎದ್ದಿವೆ. ಟೇಪು ಸುತ್ತಲು ಅವಕ್ಕೆ ಬೊಡ್ಡೆಯೇ ಇನ್ನೂ ಬಂದಿಲ್ಲ. ಅವನ್ನು ಯಾವ ಅಳತೆಗೆ ಹಿಡಿಯಬೇಕು ಅಂತ ನಮ್ಮ ಪುಸ್ತಕದಲ್ಲೂ ಇಲ್ಲ, ಪೂರ್ತಿ ಓದಿ ನೋಡಿದೆ. ನಾವೇ ಒಂದು ಅಳತೆ ಮಾಡಬೇಕು. ತಕರಾರು ಅರ್ಜಿ ಬರೆದು ಇಟ್ಟಿದ್ದೇನೆ, ನನ್ನ ಸಹಿ ಆಗಿದೆ, ಪಕ್ಕದಲ್ಲಿ ಜಾಗ ಬಿಟ್ಟಿದ್ದೇನೆ. ಈ ಸಲ ಕೂಡಿ ನಾಟಕ ಕಟ್ಟಿದ್ದಾರೆ ಅಂತ ಅವರು ಹೇಳಿದರೆ, ಹೌದ್ರೀ ಅನ್ನೋಣ.

ಕೂಸನ್ನು ಕರೆದುಕೊಂಡು ಐತವಾರ ಬಾ. ಮುಳ್ಳಿನಲ್ಲಿ ನುಗ್ಗಬೇಕು, ಹಳೆಯ ಸೀರೆ ಉಟ್ಟುಕೋ. ಕೀಲಿ ಹಾಕಿರುವುದಿಲ್ಲ, ಅಮ್ಮಿ ಮನೆಯಲ್ಲೇ ಇರುತ್ತಾಳೆ, ನಾನು ಬಸ್ ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ. ಎಲ್ಲರೂ ನೋಡಲಿ.

ನಿನ್ನ ವೈರಿ
ಶಬ್ಬು